ಪೊಟರೆ ಹುಣಸೆ, ಹೂಬಿಟ್ಟ ಗುಲ್‌ಮೊಹರ್

ಕಳೆದ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಹತ್ತಿರದ ಒಂದು ಮನೆಯವರು ನನ್ನನ್ನು ಕರೆಸಿದ್ದರು. ‘ಹುಣಸೆ ಮರ ಪೊಟರೆ ಬಿದ್ದಿದೆ, ಮಳೆಗಾಳಿ ಶುರುವಾಗುವ ಮುಂಚೆ ಕಡಿಸಬೇಕು, ನೋಡಪ್ಪ’ ಎಂದರು ಮನೆಯ ಅಜ್ಜಿ. ಅಂಗಳದ ಗುಲ್‌ಮೊಹರ್ ಬಗ್ಗೆ ಯಾರೂ ಮಾತೆತ್ತಲಿಲ್ಲ. ಅದು ಮೈತುಂಬ ಕೆಂಪು ಹೂ ಹೊತ್ತಿತ್ತು, ನೆರಳಿನಲ್ಲಿ ಮಕ್ಕಳು ಆಡುತ್ತಿದ್ದರು.

ನಾನು ಮರವನ್ನು ಬುಡದಿಂದ ಓದುತ್ತೇನೆ. ಹುಣಸೆಯ ಬುಡ ಆನೆಯ ಪಾದದಂತೆ ಅಗಲವಾಗಿ ಮಣ್ಣಿಗಿಳಿದಿತ್ತು. ಮರದ ಕೊಡತಿಯಿಂದ ಗೇಣಿಗೊಂದು ಏಟು ಹಾಕುತ್ತ ಸುತ್ತು ಬಂದೆ. ಪೊಟರೆಯ ಬಾಯಿಯ ಬಳಿ ಮಾತ್ರ ಡೊಳ್ಳಿನ ಸದ್ದು, ಉಳಿದೆಡೆ ಗಟ್ಟಿ. ಕೋಲು ತೂರಿಸಿ ಅಳೆದೆ. ಕಾಂಡದ ತ್ರಿಜ್ಯದ ಮೂರನೆಯ ಒಂದರಷ್ಟು ಗಟ್ಟಿ ಮರ ಸುತ್ತಲೂ ಉಳಿದಿದ್ದು, ಬಾಯಿ ತೀರ ಅಗಲವಾಗಿರದಿದ್ದರೆ ಮರ ಸಾಮಾನ್ಯವಾಗಿ ನಿಲ್ಲುತ್ತದೆ. ಇಲ್ಲಿ ಅದಕ್ಕಿಂತ ಹೆಚ್ಚೇ ಇತ್ತು.

ಗುಲ್‌ಮೊಹರ್ ಬುಡ ಕಂಡಾಗ ಎದೆ ಧಸಕ್ಕೆಂದಿತು. ಕಾಂಡಕ್ಕೆ ತಾಗುವಂತೆ ಸಿಮೆಂಟ್ ಹಾಕಿದ್ದರು. ತರಗೆಲೆ ಸರಿಸಿದರೆ ವಾರ್ನಿಷ್ ಬಳಿದಂತೆ ಹೊಳೆಯುವ ಕೆಂಗಂದು ಅಣಬೆ. ಅದು ಗ್ಯಾನೋಡರ್ಮಾ, ಬೇರು ಕೊಳೆಸುವ ಶಿಲೀಂಧ್ರ. ಮರವನ್ನು ಹಿಡಿದು ನಿಲ್ಲಿಸುವ ಬೇರುಗಳು ಕೊಳೆತರೂ ಉಳಿದ ಕೆಲವೇ ಬೇರುಗಳು ನೀರೆಳೆದು ಎಲೆ, ಹೂವನ್ನು ನಡೆಸುತ್ತಿರುತ್ತವೆ. ಹಸಿರು ನಂಬಿ ಮೋಸಹೋಗುವುದು ಇಲ್ಲಿಯೇ. ಮೇಲಿನ ಕವಲೂ ಇಕ್ಕಟ್ಟಾಗಿ, ನಡುವೆ ತೊಗಟೆ ಮಡಚಿ ಒಳಸೇರಿತ್ತು. ಅಂಥ ಕವಲಿನಲ್ಲಿ ಎರಡು ಕೊಂಬೆಗಳ ಒಳಮರ ಒಂದಕ್ಕೊಂದು ಬೆಸೆದಿರುವುದಿಲ್ಲ.

ಅಜ್ಜಿಯನ್ನು ಒಪ್ಪಿಸಲು ಎರಡು ದಿನ ಹಿಡಿಯಿತು. ಅನುಮತಿ ಪಡೆದು ಗುಲ್‌ಮೊಹರ್ ಇಳಿಸಿದೆವು. ಬುಡದ ಮರ ಬೆರಳೊತ್ತಿದರೆ ಕುಸಿಯುವಷ್ಟು ಮೆತ್ತಗಾಗಿತ್ತು.

ಹುಣಸೆಯಿಂದ ಒಣಗಿದ ಒಂದು ದಪ್ಪ ಕೊಂಬೆಯನ್ನಷ್ಟೇ ತೆಗೆದೆ. ತೊಗಟೆ ಸೀಳದಿರಲೆಂದು ಮೊದಲು ಅಡಿಯಿಂದ, ಆಮೇಲೆ ಮೇಲಿನಿಂದ, ಕೊನೆಗೆ ಕೊಂಬೆ ಹುಟ್ಟುವ ಉಬ್ಬಿನ ಆಚೆಗೆ ಕೊಯ್ದೆ. ಗಾಯಕ್ಕೆ ಏನೂ ಬಳಿಯಲಿಲ್ಲ. ಮೊದಲ ವರ್ಷಗಳಲ್ಲಿ ನಾನೂ ಕಾಂಡಕ್ಕೆ ಸಮನಾಗಿ ಕೊಯ್ದು ಡಾಂಬರು ಹಚ್ಚುತ್ತಿದ್ದೆ. ಆ ಮರಗಳನ್ನು ನೆನೆದರೆ ಈಗಲೂ ನೋವಾಗುತ್ತದೆ. ಮರದ ಗಾಯ ನಮ್ಮ ಚರ್ಮದಂತೆ ಮಾಯುವುದಿಲ್ಲ, ಕೊಳೆತದ್ದನ್ನು ಮರ ಒಳಗೇ ಗೋಡೆ ಕಟ್ಟಿ ಬೇರ್ಪಡಿಸುತ್ತದೆ ಎಂದು 1970ರ ದಶಕದಲ್ಲಿಯೇ ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೋ ಮರಗಳನ್ನು ಸೀಳಿ ತೋರಿಸಿದ್ದರು. ಉಬ್ಬನ್ನು ಕೊಯ್ದರೆ ಆ ಗೋಡೆಯನ್ನೇ ಕೆಡವಿದಂತೆ.

ಈ ವರ್ಷ ಹೋಗಿ ನೋಡಿದೆ. ಗಾಯದ ಸುತ್ತ ಹೊಸ ತೊಗಟೆ ಬೆರಳು ದಪ್ಪದ ಉಂಗುರವಾಗಿ ಎದ್ದಿದೆ. ಕೆಳಭಾಗದಲ್ಲಿ ಮಾತ್ರ ತೆಳುವಾಗಿದೆ. ಅಲ್ಲಿ ನನ್ನ ಗರಗಸ ಉಬ್ಬಿಗೆ ತುಸು ತಾಗಿತ್ತು.