ಸಿಸ್‌ಪ್ಲಾಟಿನ್ ಜೊತೆ ಕರ್ಕ್ಯುಮಿನ್: ಜೋಡಿ ಪರೀಕ್ಷೆ ಮಾಡುವ ಕ್ರಮ

ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್‌ಗೆ ಹಾರ್ಮೋನ್ ಔಷಧ ನಾಟುವುದಿಲ್ಲ. ಹಳೆಯ ಕೀಮೋ ಔಷಧ ಸಿಸ್‌ಪ್ಲಾಟಿನ್‌ಗೆ ಅರಿಶಿನದ ಅಂಶ ಕರ್ಕ್ಯುಮಿನ್ ಸೇರಿಸಿದರೆ ಆ ಕೋಶಗಳು ಕಡಿಮೆ ಡೋಸ್‌ಗೇ ಸಾಯುತ್ತವೆಯೇ? ಲ್ಯಾಬಿನಲ್ಲಿ ಇದನ್ನು ನೋಡಲು ಈ ಕ್ಯಾನ್ಸರ್‌ನದೇ ಎಂಡಿಎ-ಎಂಬಿ-231 ಸೆಲ್ ಲೈನ್ (ಲ್ಯಾಬಿನಲ್ಲಿ ಬೆಳೆಸುತ್ತ ಬಂದ ಕೋಶಗಳು) ಸಾಕು. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ (ಎನ್‌ಸಿಸಿಎಸ್) ತರಿಸಬಹುದು.

ಮೊದಲು ದ್ರಾವಣಗಳು, ಏಕೆಂದರೆ ಹೆಚ್ಚಿನ ಪ್ರಯೋಗಗಳು ಕೆಡುವುದು ಇಲ್ಲೇ. ಸಿಸ್‌ಪ್ಲಾಟಿನ್ ಅನ್ನು ಲ್ಯಾಬಿನ ಸಾಮಾನ್ಯ ದ್ರಾವಕ ಡಿಎಂಎಸ್‌ಒದಲ್ಲಿ ಕರಗಿಸಲೇಬೇಡಿ. ಡಿಎಂಎಸ್‌ಒ ಅದರ ಕ್ಲೋರೈಡ್‌ನ ಜಾಗ ಹಿಡಿದು ಔಷಧವನ್ನೇ ನಿಷ್ಕ್ರಿಯಗೊಳಿಸುತ್ತದೆ. 0.9% ಸಲೈನ್‌ನಲ್ಲಿ ಮಿಲಿಲೀಟರ್‌ಗೆ 1 ಮಿ.ಗ್ರಾಂ (3.3 ಮಿಲಿಮೋಲಾರ್) ಕರಗಿಸಿ, ಬೆಳಕು ತಾಗದಂತೆ ಇಡಿ. ಫ್ರಿಜ್‌ನಲ್ಲಿಟ್ಟರೆ ಹರಳುಗಟ್ಟುತ್ತದೆ. ಕರ್ಕ್ಯುಮಿನ್‌ಗೆ ಮಾತ್ರ ಡಿಎಂಎಸ್‌ಒ: ಮಿಲಿಲೀಟರ್‌ಗೆ 14.7 ಮಿ.ಗ್ರಾಂ, ಅಂದರೆ 40 ಮಿಲಿಮೋಲಾರ್. ಸೀರಂ ಇಲ್ಲದ ಮೀಡಿಯಂನಲ್ಲಿ (ಕೋಶ ಬೆಳೆಸುವ ದ್ರವ) 37 ಡಿಗ್ರಿಯಲ್ಲಿ ಅರ್ಧ ಗಂಟೆಗೇ ಅದರ ಸುಮಾರು 90% ಒಡೆದುಹೋಗುತ್ತದೆ. ಹಾಗಾಗಿ 10% ಸೀರಂ ಇರುವ ಮೀಡಿಯಂನಲ್ಲಿ ಅಂದೇ ಬೆರೆಸಿ, ಅಂದೇ ಬಳಸಿ.

ಎರಡರ ಐಸಿ50 (ಅರ್ಧ ಕೋಶ ಕೊಲ್ಲುವ ಸಾಂದ್ರತೆ) ಅನ್ನು ಬೇರೆಬೇರೆಯಾಗಿ ಕಂಡುಕೊಂಡ ಮೇಲೆ ಜೋಡಿ ಪ್ಲೇಟ್ ಹಾಕಿ. 96 ವೆಲ್ (ಪುಟ್ಟ ಗುಳಿ) ಪ್ಲೇಟಿನ ಅಂಚಿನ ವೆಲ್‌ಗಳು ಬೇಗ ಆರುತ್ತವೆ, ಅಲ್ಲಿ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ತುಂಬಿ. ಒಳಗಿನ 60ರಲ್ಲಿ, ಮುಂದೆ ಹೇಳುವ ಕೋಶವಿಲ್ಲದ ಕೆಲವು ಬಿಟ್ಟು, ವೆಲ್‌ಗೆ 5,000 ಕೋಶ ಬಿತ್ತಿ 24 ಗಂಟೆ ಬಿಡಿ. ಸಿಸ್‌ಪ್ಲಾಟಿನ್ ಆರು ಸಾಲು, ಕರ್ಕ್ಯುಮಿನ್ ಆರು ಕಾಲಂ: ಸೊನ್ನೆ, ಐಸಿ50ಯ ಎಂಟನೇ ಒಂದು, ಕಾಲು, ಅರ್ಧ, ಒಂದು, ಎರಡು ಪಟ್ಟು. ಎರಡನ್ನೂ ದುಪ್ಪಟ್ಟು ಸಾಂದ್ರತೆಯಲ್ಲಿ ಸಿದ್ಧಮಾಡಿ, ಹಳೆಯ ಮೀಡಿಯಂ ತೆಗೆದು 50-50 ಮೈಕ್ರೋಲೀಟರ್ ಹಾಕಿ. ಕೊನೆಯ ಡಿಎಂಎಸ್‌ಒ ಪ್ರಮಾಣ ಎಲ್ಲ ವೆಲ್‌ಗಳಲ್ಲೂ, ಸಿಸ್‌ಪ್ಲಾಟಿನ್ ಒಂದೇ ಇರುವಲ್ಲೂ, 0.1% ಇರಲಿ. ಉಳಿದ 24 ವೆಲ್‌ಗಳಲ್ಲಿ ಕೆಲವನ್ನು ಕೋಶವಿಲ್ಲದೆ ಬಿಟ್ಟು, ಬರೀ ಮೀಡಿಯಂ ಮತ್ತು ಬರೀ ಕರ್ಕ್ಯುಮಿನ್ ಹಾಕಿ.

48 ಗಂಟೆಯ ನಂತರ ಮೀಡಿಯಂ ತೆಗೆದು, ಪಿಬಿಎಸ್‌ನಲ್ಲಿ ತೊಳೆದು, ಹೊಸ ಮೀಡಿಯಂನಲ್ಲಿ 0.5 ಮಿ.ಗ್ರಾಂ/ಮಿ.ಲೀ. ಎಂಟಿಟಿ (ಬದುಕಿರುವ ಕೋಶ ನೇರಳೆಯಾಗಿಸುವ ಹಳದಿ ಬಣ್ಣ) ಹಾಕಿ. ಮೂರು ಗಂಟೆ ಬಿಟ್ಟು, ನೇರಳೆ ಹರಳನ್ನು ಡಿಎಂಎಸ್‌ಒದಲ್ಲಿ ಕರಗಿಸಿ 570 ನ್ಯಾನೋಮೀಟರ್‌ನಲ್ಲಿ ಓದಿ. ತೊಳೆಯುವುದನ್ನು ಬಿಡಬೇಡಿ: ಕರ್ಕ್ಯುಮಿನ್‌ನಂಥ ಪಾಲಿಫೀನಾಲ್‌ಗಳು ಎಂಟಿಟಿಯನ್ನು ತಾವೇ ನೇರಳೆ ಮಾಡಬಲ್ಲವು, ಆಗ ಸತ್ತ ಕೋಶವೂ ಬದುಕಿದಂತೆ ಕಾಣುತ್ತದೆ. ಕೋಶವಿಲ್ಲದ ಕರ್ಕ್ಯುಮಿನ್ ವೆಲ್ ನೇರಳೆಯಾದರೆ ಆ ಪ್ಲೇಟಿನ ಲೆಕ್ಕ ನಂಬಬೇಡಿ.

ಲೆಕ್ಕಕ್ಕೆ ಚೌ ಮತ್ತು ತಲಲೇ 1984ರಲ್ಲಿ ಪ್ರಕಟಿಸಿದ ಕಾಂಬಿನೇಶನ್ ಇಂಡೆಕ್ಸ್. ಒಂಟಿಯಾಗಿ ಅರ್ಧ ಕೋಶ ಕೊಲ್ಲಲು ಸಿಸ್‌ಪ್ಲಾಟಿನ್ 20, ಕರ್ಕ್ಯುಮಿನ್ 16 ಮೈಕ್ರೋಮೋಲಾರ್ ಬೇಕು, ಜೋಡಿಯಲ್ಲಿ 6 ಮತ್ತು 8 ಸಾಕು ಎಂದುಕೊಳ್ಳಿ. 6/20 + 8/16 = 0.80. ಒಂದಕ್ಕಿಂತ ಕಡಿಮೆ ಇದ್ದರೆ ಪರಸ್ಪರ ಬಲ, ಒಂದಾದರೆ ಬರೀ ಕೂಡಿಕೆ, ಹೆಚ್ಚಾದರೆ ವಿರೋಧ. 0.95 ಬಂದರೆ ಸಂಭ್ರಮ ಬೇಡ, ಪೈಪೆಟ್ ದೋಷವೇ ಅಷ್ಟಿರುತ್ತದೆ. ಬೇರೆಬೇರೆ ದಿನ ಕನಿಷ್ಠ ಮೂರು ಬಾರಿ ಮಾಡಿ, ಕ್ಯಾನ್ಸರ್ ಅಲ್ಲದ ಎಂಸಿಎಫ್-10ಎ ಸ್ತನ ಕೋಶಗಳ ಮೇಲೂ ನೋಡಿ.

ವಿರೋಧ ಬರುವುದು ಅಪರೂಪವಲ್ಲ. 2002ರ ಅಧ್ಯಯನವೊಂದರಲ್ಲಿ ಇದೇ ಕೋಶಗಳಲ್ಲಿ ಕರ್ಕ್ಯುಮಿನ್ ಇನ್ನೊಂದು ಕೀಮೋ ಔಷಧ ಡಾಕ್ಸೊರುಬಿಸಿನ್‌ನ ಪ್ರಭಾವವನ್ನು ಕುಗ್ಗಿಸಿತ್ತು. ಗ್ರೀನ್ ಟೀಯ ಇಜಿಸಿಜಿ ಎಂಬ ಪಾಲಿಫೀನಾಲ್ ಕ್ಯಾನ್ಸರ್ ಔಷಧ ಬೋರ್ಟೆಝೋಮಿಬ್‌ಗೆ ನೇರವಾಗಿ ಅಂಟಿಕೊಂಡು ಅದನ್ನು ಕೆಲಸ ಮಾಡಲು ಬಿಡುವುದಿಲ್ಲ. ಕೀಮೋ ಪಡೆಯುವವರು ವೈದ್ಯರಿಗೆ ಹೇಳದೆ ಇಂಥ ಮಾತ್ರೆ ಸೇರಿಸಿಕೊಳ್ಳಬಾರದೆನ್ನುವುದು ಇದಕ್ಕೇ. ಅಲ್ಲದೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲೂ ಸಿಕ್ಕಿದ್ದು ಸುಮಾರು 1.8 ಮೈಕ್ರೋಮೋಲಾರ್. ವರದಿ ಬರೆಯುವಾಗ 1-2 ಮೈಕ್ರೋಮೋಲಾರ್ ಕಾಲಂನಲ್ಲಿ ಏನಾಯಿತೆಂಬುದನ್ನೂ ಪ್ರತ್ಯೇಕವಾಗಿ ಕೊಡಿ.