ಹೊಲದ ಮಣ್ಣು, ಊರಿನ ದುಡ್ಡು: ನನ್ನ ಅನುಭವ

ರಾಸಾಯನಿಕ ಗೊಬ್ಬರ ಕಮ್ಮಿ ಮಾಡಿದೀನಿ ಅಂದ ತಕ್ಷಣ ಎಲ್ರೂ ಕೇಳೋದು ಒಂದೇ ಪ್ರಶ್ನೆ, ಇಳುವರಿ ಬೀಳಲ್ವಾ ಅಂತ. ಪೂರ್ತಿ ಬಿಟ್ರೆ ಬೀಳುತ್ತೆ, ಸುತ್ತಿ ಬಳಸಿ ಹೇಳಿ ಪ್ರಯೋಜನ ಇಲ್ಲ. ಬೇರೆ ಬೇರೆ ದೇಶಗಳ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ ನೋಡಿದ ಸಂಶೋಧಕರೇ ಸರಾಸರಿ 20ರಿಂದ 25 ಪರ್ಸೆಂಟ್ ಕಮ್ಮಿ ಅಂತಾರೆ, ಬೆಳೆ ಬದಲಾಯಿಸ್ತಾ ಮಿಶ್ರ ಬೆಳೆ ಹಾಕ್ತಾ ಹೋದ್ರೆ ಆ ಅಂತರ ಸಣ್ಣದಾಗುತ್ತೆ ಅಂತಾನೂ ಹೇಳ್ತಾರೆ. 2021ರಲ್ಲಿ ಶ್ರೀಲಂಕಾ ಒಂದೇ ಏಟಿಗೆ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿ, ರೈತರು ಬೀದಿಗೆ ಬಂದು, ಆ ವರ್ಷ ಮುಗಿಯೋದ್ರೊಳಗೆ ನಿರ್ಧಾರ ವಾಪಸ್ ತಗೊಂಡಿದ್ದು ಎಲ್ರಿಗೂ ಗೊತ್ತಿರೋದೇ. ಅದಕ್ಕೆ ನಾನು ಹೊಲದ ಒಂದು ಭಾಗದಲ್ಲಿ ಮಾತ್ರ ಶುರು ಮಾಡ್ದೆ, ಉಳಿದಿದ್ದು ಹಳೇ ಪದ್ಧತೀಲೇ ನಡೀತಿತ್ತು, ಮನೆ ನಡೀಬೇಕಲ್ಲ. ಇವತ್ತಿಗೂ ಯೂರಿಯಾ ಸೊನ್ನೆ ಮಾಡಿಲ್ಲ. ಆದ್ರೆ ಹಸಿ ನೆಲದ ಮೇಲೆ ಹಂಗೇ ಎರಚೋದು ಬಿಟ್ಟಿದೀನಿ, ಮೇಲೆ ಬಿದ್ದಿರೋ ಯೂರಿಯಾದಲ್ಲಿ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತೆ, ದುಡ್ಡು ಕೊಟ್ಟು ಗಾಳಿಗೆ ಗೊಬ್ಬರ ಹಾಕಿದಂಗೆ. ಸಾಲಿನ ಪಕ್ಕ ಮಣ್ಣೊಳಗೆ, ಸ್ವಲ್ಪ ಸ್ವಲ್ಪ, ಬೆಳೆ ಕೇಳೋ ಟೈಮಲ್ಲಿ ಮಾತ್ರ ಕೊಡ್ತೀನಿ.

ಮೊದ್ಲು ಕೈ ಹಾಕಿದ್ದು ನೀರಿನ ವಿಷಯಕ್ಕೆ. ಪ್ರಪಂಚದಲ್ಲಿ ನದಿ, ಕೆರೆ, ಅಂತರ್ಜಲದಿಂದ ಎತ್ತೋ ಸಿಹಿನೀರಲ್ಲಿ ಸುಮಾರು 70 ಪರ್ಸೆಂಟ್ ಕೃಷಿಗೇ ಹೋಗುತ್ತೆ, ಆದ್ರೆ ಸುರಿದ ಮಳೆ ನಮ್ಮ ಹೊಲದೊಳಗೇ ಇಳಿಯುತ್ತಾ ಅಂತ ನೋಡೋರು ಕಮ್ಮಿ. ನೋಡೋದು ಬಹಳ ಸುಲಭ. ಎರಡೂ ಕಡೆ ಬಾಯಿ ತೆಗೆದಿರೋ ದೊಡ್ಡ ತಗಡಿನ ಡಬ್ಬ ತಗೊಂಡು, ಮೇಲೆ ಹಲಗೆ ಇಟ್ಟು ಅರ್ಧದಷ್ಟು ನೆಲಕ್ಕೆ ಬಡಿದು, ಒಳಗೆ ಒಂದಿಂಚು ನೀರು ನಿಲ್ಲೋಷ್ಟು ಹುಯ್ದು ಗಡಿಯಾರ ನೋಡ್ತಾ ಕೂತ್ಕೋಬೇಕು ಅಷ್ಟೆ. ಉತ್ತು ಬೆತ್ತಲೆ ಬಿಟ್ಟಿದ್ದ ಕಡೆ ನೀರು ಕಂದು ಬಣ್ಣಕ್ಕೆ ತಿರುಗಿ ಅಲ್ಲೇ ನಿಂತಿತ್ತು, ನಾನು ಎದ್ದು ಹೋಗಿ ಬೇರೆ ಕೆಲಸ ಮುಗಿಸಿ ಬಂದ್ರೂ ತಳದಲ್ಲಿ ಇನ್ನೂ ಮಿಂಚ್ತಾ ಇತ್ತು. ಬದುವಿನ ಪಕ್ಕ, ಯಾರೂ ಉಳದೆ ಹುಲ್ಲು ಬೆಳ್ಕೊಂಡಿದ್ದ ಜಾಗದಲ್ಲಿ ಕಣ್ಣೆದುರಿಗೇ ಇಂಗಿ ಹೋಯ್ತು. ಮಣ್ಣು ಅದೇ, ಮಳೆ ಅದೇ. ಎರಡೂ ಕಡೆಯಿಂದ ಒಂದೊಂದು ಒಣ ಹೆಂಟೆ ತಂದು ಗಾಜಿನ ಲೋಟದ ನೀರಿಗೆ ಬಿಟ್ಟಾಗ ಉತ್ತ ಕಡೆಯದ್ದು ಒಂದು ಕ್ಷಣದಲ್ಲಿ ಕರಗಿ ಕೆಸರಾಯ್ತು, ಬದುವಿನದ್ದು ಗುಳ್ಳೆ ಬಿಡ್ತಾ ಗಟ್ಟಿಯಾಗೇ ಕೂತಿತ್ತು. ಬೇರುಗಳು, ಶಿಲೀಂಧ್ರ, ಎರೆಹುಳ ಎಲ್ಲ ಸೇರಿ ಮಣ್ಣಿನ ಕಣಗಳನ್ನ ಅಂಟು ಹಾಕಿ ಹಿಡಿದಿರ್ತವೆ, ಆ ಅಂಟು ಇಲ್ಲದ ಕಡೆ ಮಳೆಹನಿಯ ಹೊಡೆತಕ್ಕೇ ಕಣಗಳು ಬಿಡಿಬಿಡಿಯಾಗಿ, ನುಣ್ಣನೆ ಪುಡಿ ಹೋಗಿ ಮಣ್ಣಿನ ಸಂದುಗಳನ್ನ ಮುಚ್ಚಿಬಿಡುತ್ತೆ, ಒಣಗಿದ ಮೇಲೆ ಅದೇ ಹೆಪ್ಪುಗಟ್ಟಿ ಪದರ ಆಗುತ್ತೆ.

ಆವಾಗಿಂದ ಹೊಲ ಬರಿಮೈಯಲ್ಲಿ ಬಿಡೋದು ನಿಲ್ಲಿಸ್ದೆ. ಕೊಯ್ಲಾದ ಮೇಲೆ ಉಳಿಯೋ ಕಡ್ಡಿ, ರವದಿ ಯಾವುದನ್ನೂ ಸುಡಲ್ಲ, ಅಲ್ಲೇ ಹಾಸ್ತೀನಿ, ಬೆಳೆ ಇಲ್ಲದ ಟೈಮಲ್ಲಿ ಅಲಸಂದೆನೋ ಸೆಣಬೋ ಚೆಲ್ಲಿ ಹೂ ಬಿಡೋ ಹೊತ್ತಿಗೆ ಕೆಡವಿ ಮಲಗಿಸ್ತೀನಿ. ಪಕ್ಕದ ಹೊಲದ ಅಣ್ಣ ಬದುವಲ್ಲಿ ನಿಂತು "ಏನಪ್ಪಾ, ಹೊಲ ಗುಡಿಸೋಕೆ ಪುರುಸೊತ್ತಿಲ್ವಾ?" ಅಂತ ರೇಗಿಸ್ತಿದ್ರು. ಅವರು ಹೇಳೋದ್ರಲ್ಲೂ ಅರ್ಥ ಇದೆ, ಹೊದಿಕೆ ಕೆಳಗೆ ಇಲಿ, ಬಸವನಹುಳ ಎಲ್ಲ ಸೇರ್ಕೊಳ್ತವೆ, ಅದನ್ನ ಯಾರೂ ಹೇಳಲ್ಲ. ಬೀಜ ಮೊಳಕೆ ಬರೋ ಸಾಲಲ್ಲಿ ಹೊದಿಕೆ ಸರಿಸಿ ಜಾಗ ಬಿಡ್ಬೇಕು, ಗಿಡ ಒಂದು ಗೇಣಾದ ಮೇಲೆ ಹತ್ರ ಎಳೀಬೇಕು.

ಅಲಸಂದೆ, ಸೆಣಬಿನಂಥ ದ್ವಿದಳದ ಲಾಭ ಕೈಯಲ್ಲೇ ನೋಡ್ಬಹುದು. ಗಿಡ ಕಿತ್ತು ಎಳೀಬಾರ್ದು, ಗಂಟು ಉದುರಿ ಹೋಗುತ್ತೆ. ಸುತ್ತ ಅಗೆದು ಮಣ್ಣು ಸಮೇತ ಎತ್ತಿ ನೀರಲ್ಲಿ ಅದ್ದಿ ತೊಳೆದು, ಬೇರಲ್ಲಿರೋ ಗಂಟನ್ನ ಉಗುರಲ್ಲಿ ಸೀಳಿ. ಒಳಗೆ ಗುಲಾಬಿ ಬಣ್ಣ ಇದ್ರೆ ಒಳಗಿರೋ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯೋ ಕೆಲಸ ಮಾಡ್ತಿವೆ ಅಂತ. ಬೆಳ್ಳಗೋ ಹಸಿರಾಗೋ ಇದ್ರೆ ಬರೀ ಲೆಕ್ಕಕ್ಕಿರೋ ಗಂಟು. ಮಣ್ಣಲ್ಲಿ ಆಗಲೇ ಸಾರಜನಕ ಜಾಸ್ತಿ ಇದ್ರೆ ಗಿಡ ಗಂಟು ಕಟ್ಟೋ ಗೋಜಿಗೇ ಹೋಗಲ್ಲ, ಅದಕ್ಕೇ ದ್ವಿದಳಕ್ಕೆ ಯೂರಿಯಾ ಸುರಿಯೋದು ದಂಡ.

ಕಾಂಪೋಸ್ಟ್ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ಹೆಚ್ಚಿನವರು ಕಸ ಒಂದು ಮೂಲೆಗೆ ಎಸೆದು ಅದಕ್ಕೇ ಕಾಂಪೋಸ್ಟ್ ಅಂತಾರೆ. ಉದ್ದ, ಅಗಲ, ಎತ್ತರ ಎಲ್ಲ ಕನಿಷ್ಠ ಒಂದೊಂದು ಮೀಟರ್ ಇರ್ಲೇಬೇಕು, ಅದಕ್ಕಿಂತ ಸಣ್ಣ ರಾಶಿ ಬಿಸಿ ಹಿಡಿಯಲ್ಲ. ಒಣದು ಹಸಿದು ಎರಡೂ ಬೇಕು, ಇಂಗಾಲ ಸಾರಜನಕದ ಲೆಕ್ಕ 25ರಿಂದ 30ಕ್ಕೆ 1 ಅಂತ ಹೇಳ್ತಾರೆ, ಹೊಲದಲ್ಲಿ ನಿಂತು ಅದನ್ನ ಅಳೆಯೋಕಾಗಲ್ಲ, ನನ್ನ ಅಂದಾಜು ಹಸಿದು ಒಂದು ಬುಟ್ಟಿ ಹಾಕಿದ್ರೆ ಒಣ ಎಲೆ, ಹುಲ್ಲು ಎರಡು ಬುಟ್ಟಿ, ಮಧ್ಯೆ ಮಧ್ಯೆ ಸಗಣಿ. ಉಳಿದಿದ್ದನ್ನ ಮೂಗೇ ಹೇಳುತ್ತೆ. ಕಣ್ಣು ಉರಿಯೋ ಅಮೋನಿಯಾ ವಾಸನೆ ಬಂದ್ರೆ ಹಸಿ ಜಾಸ್ತಿ ಆಗಿದೆ, ಒಣದು ಸೇರ್ಸಿ. ಕೊಳೆತ ಮೊಟ್ಟೆ ವಾಸನೆ ಬಂದ್ರೆ ಗಾಳಿ ಇಲ್ಲ, ತಿರುವಿ ಹಾಕಿ. ಒಂದು ಹಿಡಿ ತಗೊಂಡು ಹಿಂಡಿದ್ರೆ ಬೆರಳ ಸಂದೀಲಿ ಒಂದೆರಡು ಹನಿ ಬರ್ಬೇಕು, ಧಾರೆ ಬರ್ಬಾರ್ದು. ರಾಶಿ ಮಧ್ಯಕ್ಕೆ ಕಬ್ಬಿಣದ ಸರಳು ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಎಳೆದು ಮುಟ್ಟಿದಾಗ ಕೈ ಇಡೋಕಾಗದಷ್ಟು ಬಿಸಿ ಇದ್ರೆ ಸರಿ. 55 ಡಿಗ್ರಿ ಮೇಲೆ ಕೆಲವು ದಿನ ಇದ್ರೆ ಕಳೆ ಬೀಜ, ರೋಗಾಣು ಬಹುಪಾಲು ಸಾಯ್ತವೆ. 70 ದಾಟಿದ್ರೆ ನಮಗೆ ಬೇಕಾಗಿರೋ ಸೂಕ್ಷ್ಮಜೀವಿಗಳೂ ಸಾಯ್ತವೆ, ಹಂಗಾಗಿ ಅಷ್ಟು ಏರೋದ್ರೊಳಗೆ ತಿರುವಬೇಕು. ತಿರುವೋದು ಸೊಂಟ ಮುರಿಯೋ ಕೆಲಸ, ಅದಕ್ಕೆ ಸಿಹಿ ಲೇಪ ಹಚ್ಚಲ್ಲ.

ಈಗ ದುಡ್ಡಿನ ಮಾತು. ಮಣ್ಣು ಸುಧಾರಿಸ್ತಾ ಹೋದಂಗೆ ಖರ್ಚು ಇಳೀತು, ಆದ್ರೆ ಊರಲ್ಲಿ ಹುಡುಗರು ಉಳಿಯೋಕೆ ಅದೊಂದೇ ಸಾಕಾಗಲ್ಲ ಅನ್ನೋದು ಬೇಗ ಗೊತ್ತಾಯ್ತು. ವಿಶ್ವಸಂಸ್ಥೆ 2018ರಲ್ಲಿ ಕೊಟ್ಟ ಲೆಕ್ಕದಲ್ಲಿ 2007ರ ಹೊತ್ತಿಗೇ ಪ್ರಪಂಚದ ಅರ್ಧಕ್ಕಿಂತ ಜಾಸ್ತಿ ಜನ ಪಟ್ಟಣದಲ್ಲಿದ್ರು, 2050ಕ್ಕೆ 68 ಪರ್ಸೆಂಟ್ ಆಗ್ಬಹುದು ಅಂತ ಆಗಿನ ಅಂದಾಜು. ಹೋಗೋರನ್ನ ಬೈದು ಏನ್ ಮಾಡ್ತೀರಿ? ಹಳ್ಳೀಲಿ ದುಡ್ಡು ಬರೋ ದಾರಿ ಒಂದು, ಕೊಯ್ಲು. ಹೋಗೋ ದಾರಿ ಹತ್ತಾರು, ಬೀಜ, ಗೊಬ್ಬರ, ಔಷಧಿ, ಡೀಸೆಲ್, ಬಡ್ಡಿ. ಬೆಳೆದಿದ್ದು ಒಕ್ಕಿದ ಹಂಗೇ ಮೂಟೆ ಕಟ್ಟಿ ಲಾರಿ ಹತ್ತುತ್ತೆ, ಒಣಗಿಸೋದು, ಕ್ಲೀನ್ ಮಾಡೋದು, ಒಡೆಯೋದು, ಪ್ಯಾಕ್ ಮಾಡೋದು ಎಲ್ಲ ಬೇರೆ ಕಡೆ. ಸಂಬಳ ಸಿಗೋ ಕೆಲಸ ಇರೋದು ಆ ಭಾಗದಲ್ಲೇ, ಅದು ಲಾರಿ ಜೊತೆಗೇ ಹೋಗ್ಬಿಡುತ್ತೆ, ಅದರ ಹಿಂದೆ ಹುಡುಗರೂ ಹೋಗ್ತಾರೆ.

ಅದಕ್ಕೆ ನಾವು ಅಕ್ಕಪಕ್ಕದ ಕೆಲವು ಮನೆಯೋರು ಸೇರಿ ಕಾಳು ಕ್ಲೀನ್ ಮಾಡಿ ಗ್ರೇಡ್ ಮಾಡೋ ಮೆಷಿನ್ ಒಂದನ್ನ ಪಾಲಲ್ಲಿ ತಗೊಂಡ್ವಿ, ಒಣಗಿಸೋಕೆ ಒಂದು ಕಣ ಗಟ್ಟಿ ಮಾಡ್ಕೊಂಡ್ವಿ, ಗಾಳಿ ಆಡದ ಚೀಲ, ಡ್ರಮ್ ತಂದ್ವಿ. ಕೊಯ್ಲಾದ ಮೇಲೆ, ಅಂಗಡಿ ತಲುಪೋ ಮುಂಚೆನೇ ಪ್ರಪಂಚದ ಆಹಾರದಲ್ಲಿ ಸುಮಾರು 14 ಪರ್ಸೆಂಟ್ ಹಾಳಾಗುತ್ತೆ ಅಂತ ವಿಶ್ವಸಂಸ್ಥೆಯ ಆಹಾರ, ಕೃಷಿ ಸಂಸ್ಥೆ ಎಫ್‌ಎಓ 2019ರಲ್ಲಿ ಲೆಕ್ಕ ಕೊಟ್ಟಿತ್ತು, ಅಂದ್ರೆ ಜಾಸ್ತಿ ಬೆಳೆಯೋಕೆ ಒದ್ದಾಡೋದ್ರ ಜೊತೆಗೆ ಬೆಳೆದಿದ್ದನ್ನ ಉಳಿಸ್ಕೊಂಡ್ರೂ ಅಷ್ಟೇ ಲಾಭ. ತೇವ ನೋಡೋಕೆ ಮೀಟರ್ ಇಲ್ದಿದ್ರೂ ನಡೆಯುತ್ತೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಕಾಲು ಭಾಗ ಕಾಳು, ಒಂದೆರಡು ಚಮಚ ಒಣ ಉಪ್ಪು ಹಾಕಿ ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ, ಉಪ್ಪು ಗಾಜಿಗೆ ಅಂಟಿದ್ರೆ ತೇವ 15 ಪರ್ಸೆಂಟ್‌ಗಿಂತ ಮೇಲಿದೆ, ಇನ್ನೊಂದಷ್ಟು ಬಿಸಿಲು ಬೇಕು. ಅಂಟದೆ ಉದುರಿದ್ರೂ ನಾವು ಇನ್ನೊಂದು ಬಿಸಿಲು ಕೊಟ್ಟೇ ಚೀಲಕ್ಕೆ ತುಂಬೋದು. ಗಾಳಿ ಆಡದ ಚೀಲದಲ್ಲಿ ಹುಳ ಇದ್ರೂ ಅದೇ ಉಸಿರಾಡಿ ಆಮ್ಲಜನಕ ಖಾಲಿ ಮಾಡ್ಕೊಂಡು ಸಾಯುತ್ತೆ, ಪುಡಿ ಬೆರೆಸೋದು ಬೇಕಾಗಲ್ಲ. ಕಾಳು ಕೆಡಲ್ಲ ಅಂದ್ಮೇಲೆ ಕೊಯ್ಲಾದ ವಾರದಲ್ಲೇ, ಎಲ್ರೂ ಮಾರೋ ಟೈಮಲ್ಲೇ, ಸಿಕ್ಕಿದ ರೇಟಿಗೆ ಕೊಡೋ ಅರ್ಜೆಂಟ್ ಇಲ್ಲ. ನಂಗೆ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಂಡಿದ್ದು ಇದ್ರಲ್ಲೇ, ಗೊಬ್ಬರ ಉಳಿಸಿದ್ರಲ್ಲಿ ಅಲ್ಲ.

ಮೆಷಿನ್ ಬಂದ್ಮೇಲೆ ಅದನ್ನ ರಿಪೇರಿ ಮಾಡೋನು ಬೇಕಾಯ್ತು, ಮೂಟೆ ಲೆಕ್ಕ ಇಡೋರು ಬೇಕಾದ್ರು, ಕೊಳ್ಳೋರ ಫೋನ್ ಎತ್ತಿ ಮಾತಾಡೋರು ಬೇಕಾದ್ರು. ಹೊಲದ ಕೆಲಸ ಒಲ್ಲೆ ಅಂತಿದ್ದ ಹುಡುಗಿ ಒಬ್ಬಳು ಈಗ ಲೆಕ್ಕ, ಆರ್ಡರ್ ಎರಡೂ ನೋಡ್ಕೊಳ್ತಾಳೆ, "ಅಣ್ಣಾ, ನಿಮ್ಮ ಮೂಟೇಲಿ ಕಲ್ಲು ಜಾಸ್ತಿ ಇತ್ತು, ಕಟ್ ಮಾಡಿದೀನಿ" ಅಂತ ನಂಗೇ ಹೇಳ್ತಾಳೆ. ಸರೀನೇ ಹೇಳ್ತಾಳೆ. ಕೊಳ್ಳೋರಲ್ಲಿ ಕೆಲವು ಮನೆಗಳು ಬಿತ್ತನೆಗೆ ಮುಂಚೆನೇ ಒಂದು ಪಾಲು ದುಡ್ಡು ಕೊಟ್ಟಿರ್ತಾರೆ, ಬೆಳೆ ಕಮ್ಮಿ ಆದ ವರ್ಷ ಅವರಿಗೂ ಕಮ್ಮಿ. ಜಪಾನಲ್ಲಿ 1970ರ ದಶಕದಿಂದ ತೇಕೇ ಅನ್ನೋ ಹೆಸರಲ್ಲಿ ಹೀಗೆ ರೈತರೂ ತಿನ್ನೋರೂ ನೇರ ಒಪ್ಪಂದ ಮಾಡ್ಕೊಂಡು ಬಂದಿದಾರೆ. ನಮ್ಮದು ಅಷ್ಟು ದೊಡ್ಡದಲ್ಲ, ದೊಡ್ಡದು ಮಾಡೋ ಆತುರಾನೂ ಇಲ್ಲ, ಜನ ಜಾಸ್ತಿ ಆದಷ್ಟೂ ಒಬ್ರಿಗೊಬ್ರು ಮುಖ ನೋಡಿ ಕೇಳೋದು ಕಷ್ಟ ಆಗುತ್ತೆ.

ಯಾರಾದ್ರೂ ಹಿಂಗೆ ಪಾಲಲ್ಲಿ ಮೆಷಿನ್ ತಗೋಳೋ ಯೋಚನೆಯಲ್ಲಿದ್ರೆ ದುಡ್ಡು ಕಟ್ಟೋ ಮುಂಚೆನೇ ಒಂದು ಕಾಗದದ ಮೇಲೆ ಬರ್ಕೊಂಡು ಎಲ್ರೂ ಸೈನ್ ಹಾಕಿ: ಮಳೆ ಮೋಡ ಕಟ್ಟಿದ ದಿನ ಯಾರದ್ದು ಮೊದ್ಲು, ಬೆಲ್ಟ್ ಹರಿದ್ರೆ ಓಡಿಸ್ತಿದ್ದೋನು ಕೊಡ್ಬೇಕಾ ಎಲ್ರೂ ಹಂಚ್ಕೋಬೇಕಾ, ಒಬ್ರು ಬಿಟ್ಟು ಹೋದ್ರೆ ಅವರ ಪಾಲು ಯಾವ ಲೆಕ್ಕದಲ್ಲಿ ವಾಪಸ್, ಕೆಲಸ ಮುಗಿದ್ಮೇಲೆ ಜರಡಿ ಬಿಚ್ಚಿ ಗುಡಿಸೋರು ಯಾರು. ಜರಡಿ ವಿಷಯಕ್ಕೇ ನಮ್ಮಲ್ಲಿ ಜಾಸ್ತಿ ಜಗಳ ಆಗಿರೋದು, ಅದನ್ನ ಮೊದಲನೇ ಸಾಲಲ್ಲೇ ಬರೀರಿ.