ಕೀರ್ತನೆಯ ನಡುವಿನ ನಕ್ಷತ್ರ

ಬೈಬಲಿನ ಕೀರ್ತನೆಗಳ ಲ್ಯಾಟಿನ್ ಪುಸ್ತಕ ತೆರೆದರೆ ಪ್ರತಿ ಚರಣದ ನಡುವೆ ಒಂದು ಪುಟ್ಟ ನಕ್ಷತ್ರದ ಗುರುತು ಕಾಣುತ್ತದೆ. ಅಲ್ಲಿ ಹಾಡು ನಿಲ್ಲಬೇಕು. ಎಲ್ಲರೂ ಉಸಿರು ತೆಗೆದುಕೊಂಡು ಮತ್ತೆ ಒಟ್ಟಿಗೆ ಶುರು ಮಾಡಬೇಕು. ಎಷ್ಟು ಹೊತ್ತು ನಿಲ್ಲಬೇಕು ಅಂತ ಎಲ್ಲೂ ಬರೆದಿಲ್ಲ. ಚರ್ಚಿನ ಪೂಜೆಗೆ ಹಾಡುವ ತಂಡ, ಅಂದರೆ ಕಾಯಿರ್, ತಯಾರಾಗುವ ಕ್ಯಾಥೊಲಿಕ್ ಶಾಲೆಯಲ್ಲಿ ಹುಡುಗರಿಗೆ ಹಾಡು ಕಲಿಸಿದಷ್ಟು ವರ್ಷವೂ ನಾನು ಜಾಸ್ತಿ ದುಡಿದದ್ದು ಆ ನಕ್ಷತ್ರದ ಮೇಲೆಯೇ.

ಶುರುವಿನಲ್ಲಿ ನನಗೆ ಅದು ಗೊತ್ತಿರಲಿಲ್ಲ. ಒಳ್ಳೆಯ ಕಂಠ ಇರುವ ಹುಡುಗರನ್ನು ಆರಿಸಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಎಂಟು ವರ್ಷದ ಹುಡುಗರು ಪರೀಕ್ಷೆಗೆ ಬರುತ್ತಿದ್ದರು. ನಾನು ಇಂಪಾದ ದನಿ ಹುಡುಕುತ್ತಿದ್ದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಲೆಕ್ಕ ತಲೆಕೆಳಗಾಯಿತು. ಇಂಪಾದ ದನಿಯ ಕೆಲವರು ತಮ್ಮ ದನಿಯನ್ನೇ ಕೇಳುತ್ತಾ ನಿಂತುಬಿಟ್ಟರು. ಸಾಧಾರಣ ದನಿಯ ಹುಡುಗರು ಪಕ್ಕದವನನ್ನು ಕೇಳುತ್ತಾ ಕೇಳುತ್ತಾ ಎಲ್ಲರಿಗಿಂತ ಮುಂದೆ ಹೋದರು. ಆಮೇಲೆ ಪರೀಕ್ಷೆಯನ್ನೇ ಬದಲಾಯಿಸಿದೆ. ಪಿಯಾನೊದಲ್ಲಿ ಎರಡು ಸ್ವರ ಒಟ್ಟಿಗೆ ನುಡಿಸಿ, "ಕೆಳಗಿನದ್ದನ್ನು ಹಾಡು ನೋಡೋಣ" ಅನ್ನುತ್ತಿದ್ದೆ. ಹುಡುಗ ತಕ್ಷಣ ಹಾಡದೆ ಒಂದು ಕ್ಷಣ ಸುಮ್ಮನಿದ್ದು ಕೇಳಿಸಿಕೊಂಡರೆ ನನಗೆ ಅಷ್ಟು ಸಾಕಾಗಿತ್ತು.

ಇಂಥ ಶಾಲೆಗಳು ಹುಟ್ಟಿದ್ದು ಕಛೇರಿಗಾಗಿ ಅಲ್ಲ, ದಿನದ ಪೂಜೆಗಾಗಿ. ಜರ್ಮನಿಯ ರೇಗನ್ಸ್‌ಬುರ್ಗ್ ಪ್ರಧಾನಾಲಯದ (ಕೆಥೆಡ್ರಲ್) ಹುಡುಗರ ಕಾಯಿರ್ ತನ್ನ ಮೂಲವನ್ನು 975ರಲ್ಲಿ ಬಿಷಪ್ ವೋಲ್ಫ್‌ಗಾಂಗ್ ಕಟ್ಟಿದ ಶಾಲೆಯಲ್ಲಿ ಗುರುತಿಸುತ್ತದೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಪ್ರಧಾನಾಲಯದ ಕಾಯಿರ್ ಶಾಲೆ 1901ರಲ್ಲಿ ಹನ್ನೊಂದು ಹುಡುಗರೊಂದಿಗೆ ಶುರುವಾಯಿತು. ಅಲ್ಲಿನ ಮೊದಲ ಸಂಗೀತ ನಿರ್ದೇಶಕ ರಿಚರ್ಡ್ ಟೆರಿ ಮಾಡಿದ ಕೆಲಸ ನನಗೆ ಇವತ್ತಿಗೂ ದೊಡ್ಡದು. 16ನೇ ಶತಮಾನದ ಇಂಗ್ಲಿಷ್ ಸಂಗೀತಕಾರರಾದ ಬರ್ಡ್, ಟ್ಯಾಲಿಸ್ ಅವರ ಲ್ಯಾಟಿನ್ ಸಂಗೀತ ಎಷ್ಟೋ ಕಾಲದಿಂದ ಯಾರೂ ಹಾಡದೆ ಬಿದ್ದಿತ್ತು. ಟೆರಿ ಅದನ್ನು ತಂದು, ಅದು ಯಾವ ಪೂಜೆಗಾಗಿ ಹುಟ್ಟಿತ್ತೋ ಅದೇ ಪೂಜೆಯಲ್ಲಿ ಹುಡುಗರಿಂದ ಹಾಡಿಸಿದರು. 1903ರಲ್ಲಿ ಪೋಪ್ ಹತ್ತನೆಯ ಪಿಯೂಸ್ ಎಲ್ಲರೂ ಒಂದೇ ಧಾಟಿಯಲ್ಲಿ ಹಾಡುವ ಹಳೆಯ ಗ್ರೆಗೋರಿಯನ್ ಗಾಯನವೇ ಧರ್ಮಸಭೆಯ ಸಂಗೀತಕ್ಕೆ ಮಾದರಿ ಅಂತ ಬರೆದರು. ಗಾಯನ ಶಾಲೆಗಳನ್ನು ಮತ್ತೆ ಕಟ್ಟಿ ಅಂದರು. ಮೇಲಿನ ದನಿಗಳು ಬೇಕಿದ್ದರೆ ಹಳೆಯ ರೂಢಿಯಂತೆ ಹುಡುಗರಿಂದಲೇ ಹಾಡಿಸಬೇಕು ಅನ್ನುವ ನಿಯಮವೂ ಅದರಲ್ಲಿತ್ತು. ಆ ನಿಯಮ ಈಗ ಇಲ್ಲ, ಹೆಂಗಸರೂ ಹುಡುಗಿಯರೂ ಹಾಡುತ್ತಾರೆ, ಅದು ಒಳ್ಳೆಯದೇ. ಆದರೆ ಹುಡುಗರ ಕಂಠದ ಕಾಲ ತುಂಬಾ ಚಿಕ್ಕದು. ಅದನ್ನು ಬೆಳೆಸುವ ಬಗೆಯೂ ಬೇರೆ. ಅದಕ್ಕೇ ಈ ಶಾಲೆಗಳು ಉಳಿಯಬೇಕು ಅಂತ ನನ್ನ ಆಸೆ.

ಬೆಳಗಿನ ಅಭ್ಯಾಸ ಪಾಠಕ್ಕೆ ಮುಂಚೆ. ಎದ್ದ ಕೂಡಲೇ ಹುಡುಗರ ದನಿ ಎದೆಯಲ್ಲಿ ಕೂತಿರುತ್ತದೆ. ಆಟದ ಮೈದಾನದಲ್ಲಿ ಕೂಗುವುದೂ ಅದೇ ದನಿಯಲ್ಲಿ. ಅದನ್ನೇ ಮೇಲಕ್ಕೆ ಎಳೆದರೆ ಒಂದು ಹಂತದಲ್ಲಿ ಕಿರುಚಾಟ ಆಗುತ್ತದೆ. ಹಾಗಾಗಿ ನಾನು ಮೇಲಿನಿಂದ ಶುರು ಮಾಡಿ ಕೆಳಗೆ ಬರುತ್ತಿದ್ದೆ. ಮೆಲ್ಲಗೆ "ಊ" ಅಂತ ಎತ್ತರದ ಸ್ವರ ಹಿಡಿದು, ಐದು ಸ್ವರ ಇಳಿಯುವುದು. ಆ ಹಗುರವಾದ ತಲೆದನಿಯನ್ನು ಕೈಬಿಡದೆ ಕೆಳಗಿನವರೆಗೂ ತರುವುದು. ಆಮೇಲೆ "ಊ"ಯಿಂದ "ಓ", "ಓ"ದಿಂದ "ಆ". ಗಟ್ಟಿಯಾಗಿ ಹಾಡಿ ಅಂತ ಮೊದಲ ಆರು ತಿಂಗಳು ನಾನು ಯಾರಿಗೂ ಹೇಳಿಲ್ಲ. ದನಿ ಸರಿಯಾದ ಜಾಗದಲ್ಲಿ ಕೂತ ಮೇಲೆ ಗಟ್ಟಿತನ ತಾನಾಗಿ ಬರುತ್ತದೆ.

ಸ್ವರ ಓದುವುದಕ್ಕೆ ದೊ, ರೆ, ಮಿ. ನಮ್ಮ ಸರಿಗಮದಲ್ಲಿ ಶ್ರುತಿ ಎಲ್ಲಿಟ್ಟರೂ ಅದೇ ಸ ಆಗುತ್ತದಲ್ವಾ, ಹಾಗೇ ನಾವು ಕಲಿಸಿದ ದೊ ಕೂಡ. ಈ ಹೆಸರುಗಳು ಬಂದ ಕತೆ ಹುಡುಗರಿಗೆ ತುಂಬಾ ಇಷ್ಟ. ಸಾವಿರ ವರ್ಷದ ಹಿಂದೆ ಇಟಲಿಯ ಸನ್ಯಾಸಿ ಗ್ವಿದೊ ಹುಡುಗರಿಗೆ ಹಾಡು ಕಲಿಸಲು ಹೆಣಗುತ್ತಿದ್ದ. ಸ್ನಾನಿಕ ಯೋವಾನ್ನರ ಮೇಲಿನ ಒಂದು ಸ್ತುತಿಗೀತೆ ಅವನ ಕೈಗೆ ಸಿಕ್ಕಿತು. ಅದರ ಮೊದಲ ಆರು ಸಾಲುಗಳಲ್ಲಿ ಒಂದೊಂದೂ ಹಿಂದಿನದ್ದಕ್ಕಿಂತ ಒಂದು ಮೆಟ್ಟಿಲು ಮೇಲೆ ಶುರುವಾಗುತ್ತದೆ. ಸಾಲುಗಳ ಮೊದಲ ಅಕ್ಷರಗಳೇ ಉತ್, ರೆ, ಮಿ, ಫಾ, ಸೋಲ್, ಲಾ. ಉತ್ ಮುಂದೆ ದೊ ಆಯಿತು. ನಾನು ಆ ಗೀತೆಯನ್ನು ಮೊದಲ ವಾರವೇ ಕಲಿಸಿಬಿಡುತ್ತಿದ್ದೆ. ಯಾವುದಾದರೂ ಸ್ವರ ಮರೆತ ಹುಡುಗ ಆ ಸಾಲನ್ನು ಬಾಯೊಳಗೇ ಗುನುಗಿ ಹಿಡಿದುಕೊಳ್ಳುತ್ತಿದ್ದ.

ಗ್ರೆಗೋರಿಯನ್ ಗಾಯನದ ಹಾಳೆಯಲ್ಲಿ ನಾಲ್ಕೇ ಗೆರೆ, ಚೌಕಾಕಾರದ ಸ್ವರಗಳು, ತಾಳದ ಗೆರೆ ಇಲ್ಲ. ಮಾತಿನ ನಡಿಗೆಯೇ ಹಾಡಿನ ನಡಿಗೆ. ಕೀರ್ತನೆಯಲ್ಲಂತೂ ಸಾಲಿನ ಬಹುಪಾಲು ಒಂದೇ ಸ್ವರದ ಮೇಲೆ ಹೋಗುತ್ತದೆ. ಭಾನುವಾರ ಸಂಜೆಯ ಪ್ರಾರ್ಥನೆಯ ಮೊದಲ ಕೀರ್ತನೆ "ದೀಕ್ಸಿತ್ ದೋಮಿನುಸ್ ದೋಮಿನೊ ಮೆಯೊ". ಅಲ್ಲಿ ನಕ್ಷತ್ರ. ಆಮೇಲೆ "ಸೆದೆ ಆ ದೆಕ್ಸ್‌ತ್ರಿಸ್ ಮೆಯಿಸ್". ಕೇಳಲು ಸುಲಭ, ಒಟ್ಟಿಗೆ ಹಾಡಲು ಬಹಳ ಕಷ್ಟ. ತಾಳ ಇಲ್ಲ, ಅಡಗಿಕೊಳ್ಳಲು ಜಾಗ ಇಲ್ಲ. ಒಬ್ಬ ಆತುರಪಟ್ಟರೂ ಎಲ್ಲರಿಗೂ ಕೇಳುತ್ತದೆ.

ಮೊದಮೊದಲು ನಕ್ಷತ್ರದ ಹತ್ತಿರ ನಾನು ಕೈಯಿಂದ ಸನ್ನೆ ಮಾಡುತ್ತಿದ್ದೆ. ನಿಲ್ಲಿ, ಉಸಿರು, ಈಗ ಹಾಡಿ. ಚೆನ್ನಾಗಿಯೇ ಬರುತ್ತಿತ್ತು, ಆದರೆ ಜೀವ ಇರಲಿಲ್ಲ. ಒಂದು ಗುರುವಾರ ನನಗೆ ಜ್ವರ. ಎದುರು ನಿಲ್ಲಲಾಗದೆ ಪಕ್ಕದ ಬೆಂಚಿನಲ್ಲಿ ಕೂತು, "ನೀವೇ ಹಾಡಿ" ಅಂದೆ. ಮೊದಲ ಎರಡು ಚರಣ ಚೆಲ್ಲಾಪಿಲ್ಲಿ. ಮೂರನೆಯದರಲ್ಲಿ ಹಿರಿಯ ಹುಡುಗನೊಬ್ಬ ನಕ್ಷತ್ರದ ಹತ್ತಿರ ಸ್ವಲ್ಪ ಎದ್ದುಕಾಣುವ ಹಾಗೆ ಉಸಿರೆಳೆದ. ಅವನ ಎರಡೂ ಪಕ್ಕದವರು ಅದನ್ನು ಹಿಡಿದರು. ಐದನೇ ಚರಣಕ್ಕೆ ಇಡೀ ಸಾಲು ಒಂದೇ ಎದೆಯಂತೆ ಏರಿತು, ಇಳಿಯಿತು. ಆ ಮೌನ ನನ್ನ ಕೈ ಕೊಡುತ್ತಿದ್ದ ಮೌನಕ್ಕಿಂತ ಉದ್ದ ಇತ್ತು. ತುಂಬಿಕೊಂಡೂ ಇತ್ತು. ಮರುದಿನದಿಂದ ಕೀರ್ತನೆಗೆ ನಾನು ಕೈ ಎತ್ತಲಿಲ್ಲ. ಹೊಸ ಹುಡುಗನನ್ನು ಯಾವಾಗಲೂ ಇಬ್ಬರು ಹಿರಿಯರ ನಡುವೆ ನಿಲ್ಲಿಸುತ್ತಿದ್ದೆ. ಲ್ಯಾಟಿನ್ ಉಚ್ಚಾರ, ಪುಟ ತಿರುಗಿಸುವುದು, ಕೆಮ್ಮು ಬಂದರೆ ಏನು ಮಾಡಬೇಕು, ಎಲ್ಲವನ್ನೂ ಅವನು ಅವರಿಂದಲೇ ಕಲಿಯುತ್ತಿದ್ದ. ಪರಂಪರೆ ಅಂದರೆ ನನ್ನ ಪಾಲಿಗೆ ಇದೇ, ಒಂಬತ್ತು ವರ್ಷದವನು ಹನ್ನೆರಡು ವರ್ಷದವನ ಉಸಿರು ಕೇಳಿಸಿಕೊಳ್ಳುವುದು.

ಇದೆಲ್ಲ ಒರೆಗೆ ಬೀಳುವುದು ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ. ಪವಿತ್ರ ಗುರುವಾರ ಗ್ಲೋರಿಯಾ ಅನ್ನುವ ಸ್ತುತಿಗೀತೆ ಮುಗಿದ ಮೇಲೆ, ಈಸ್ಟರ್ ಹಿಂದಿನ ರಾತ್ರಿಯ ಪಾಸ್ಖ ಜಾಗರಣೆಯ ಗ್ಲೋರಿಯಾ ಬರುವ ತನಕ ಆರ್ಗನ್ ಸುಮ್ಮನಿರುತ್ತದೆ. ಹಾಡಿಗೆ ಆಸರೆಯಾಗಿ ಮಾತ್ರ ನುಡಿಸಬಹುದು, ನಾವು ಅದನ್ನೂ ಮಾಡುತ್ತಿರಲಿಲ್ಲ. ಸ್ವರಕ್ಕೆ ನನ್ನ ಜೇಬಿನ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಒಂದೇ. ಮೊದಲ ವರ್ಷ ನಮ್ಮ ಶ್ರುತಿ ಅರ್ಧ ಸ್ವರ ಕುಸಿದುಹೋಗಿತ್ತು. ಸುಸ್ತು ಅಂದುಕೊಂಡೆ. ಸೂಕ್ಷ್ಮವಾಗಿ ಕೇಳಿದ ಮೇಲೆ ಕಾರಣ ಸಿಕ್ಕಿತು. ಇಳಿಯುವಾಗ ಹುಡುಗರು ದೊಡ್ಡ ಹೆಜ್ಜೆ ಇಡುತ್ತಿದ್ದರು, ಏರುವಾಗ ಸಣ್ಣ ಹೆಜ್ಜೆ. ರೆಯಿಂದ ಮಿಗೆ ಹತ್ತುವಾಗಲೇ ಜಾಸ್ತಿ ನಷ್ಟ. ಅವತ್ತಿನಿಂದ "ಇಳಿವಾಗ ಬೆಕ್ಕಿನ ಹೆಜ್ಜೆ, ಹತ್ತುವಾಗ ಕುದುರೆ ಹೆಜ್ಜೆ" ಅನ್ನುತ್ತಿದ್ದೆ. ಒಂದೇ ಸ್ವರದ ಉದ್ದ ಸಾಲಿನಲ್ಲಿ, ಪ್ರತಿ ಪದಕ್ಕೂ ಆ ಸ್ವರವನ್ನು ಹೊಸದಾಗಿ ಮೇಲಿನಿಂದ ಮುಟ್ಟಿ ಅಂತ ಹೇಳಿಕೊಟ್ಟೆ. ಮೂರನೇ ವರ್ಷ ಮುಗಿಸಿ ಕವೆ ತಟ್ಟಿ ನೋಡಿದರೆ ಹೊರಟಲ್ಲೇ ಇದ್ದೆವು.

ನಾನು ಮಾಡಿದ ತಪ್ಪೂ ಒಂದು ಪವಿತ್ರ ವಾರದ್ದೇ. ಆ ವರ್ಷ ಇಟಲಿಯ ಸಂಗೀತಕಾರ ಅಲ್ಲೆಗ್ರಿಯ ಮಿಸೆರೆರೆ ಹಾಡುತ್ತಿದ್ದೆವು. 17ನೇ ಶತಮಾನದಲ್ಲಿ ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಲಯಕ್ಕಾಗಿ ಬರೆದದ್ದು. ಅದೂ ಒಂದು ಕೀರ್ತನೆಯೇ, ಗ್ರೆಗೋರಿಯನ್ ಸಾಲುಗಳ ನಡುವೆ ಕಾಯಿರ್ ದನಿಗಳು ಬಂದುಹೋಗುತ್ತವೆ. ಈಗ ಎಲ್ಲೆಡೆ ಹಾಡುವ ರೂಪದಲ್ಲಿ ಒಬ್ಬ ಹುಡುಗ ಮೇಲಿನ ಸಿ ಸ್ವರವನ್ನು ಮತ್ತೆ ಮತ್ತೆ ಮುಟ್ಟಬೇಕು. ನಮ್ಮ ಹುಡುಗನಿಗೆ ಹದಿಮೂರು ತುಂಬುತ್ತಿತ್ತು. ಮಾತಾಡುವ ದನಿ ದಪ್ಪ ಆಗಿರುವುದು ನನಗೆ ಫೆಬ್ರವರಿಯಲ್ಲೇ ಕೇಳಿಸಿತ್ತು. ಧ್ವನಿಪೆಟ್ಟಿಗೆ ಬೆಳೆದು, ಧ್ವನಿತಂತುಗಳು ಉದ್ದ ಆಗುವ ಮೊದಲ ಸೂಚನೆ ಅದು. ಆದರೆ ಮೇಲಿನ ಸ್ವರಗಳು ಇನ್ನೂ ಗಂಟೆಯಂತಿದ್ದವು. ಶುಭ ಶುಕ್ರವಾರದ ತನಕ ತಡೆದುಕೊಳ್ಳುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಮೂರು ಸಲ ಸರಿಯಾಗಿ ಬಂತು. ನಾಲ್ಕನೆಯ ಸಲ ದನಿ ಸೀಳಿಹೋಯಿತು. ಮುಂದಿನ ಸಲ ಪಕ್ಕದ ಹುಡುಗ ಎತ್ತಿಕೊಂಡ, ಪೂಜೆ ನಿಲ್ಲಲಿಲ್ಲ. ಆದರೆ ಆಮೇಲೆ ನಿಲುವಂಗಿ ಕಳಚುವ ಕೋಣೆಯಲ್ಲಿ ಅವನು ಕೇಳಿದ: "ಸರ್, ನಿಮಗೆ ಮೊದಲೇ ಗೊತ್ತಿತ್ತಾ?" ಗೊತ್ತಿತ್ತು ಅಂದೆ. ಕ್ಷಮೆ ಕೇಳಿದೆ.

ಈ ನೋವು ಹಳೆಯದು. ಮುಂದೆ ದೊಡ್ಡ ಸಂಗೀತಕಾರರಾದ ಹೈಡನ್ ಎಂಟರ ವಯಸ್ಸಿನಲ್ಲಿ ವಿಯೆನ್ನಾದ ಸಂತ ಸ್ಟೀಫನ್ ಪ್ರಧಾನಾಲಯದ ಕಾಯಿರ್ ಸೇರಿದ್ದರು. ಕಂಠ ಒಡೆದ ಮೇಲೆ 1749ರಲ್ಲಿ ಅವರನ್ನು ಹೊರಗೆ ಕಳಿಸಿಬಿಟ್ಟರು. ಇನ್ನೊಬ್ಬ ಸಂಗೀತಕಾರ ಶೂಬರ್ಟ್ ಅಲ್ಲಿನ ಅರಮನೆಯ ಕಾಯಿರ್‌ನಲ್ಲಿದ್ದ ಹುಡುಗ. ಕೊನೆಯ ಸಲ ಕೂಗಿದ್ದು ಅಂತ ತನ್ನ ಸ್ವರದ ಹಾಳೆಯ ಮೇಲೆ 1812ರ ಜುಲೈ 26ರ ತಾರೀಖು ಹಾಕಿ ಬರೆದಿಟ್ಟ. ಹದಿನೈದರ ಹುಡುಗ.

ಅಲ್ಲಿಂದ ಮುಂದೆ ನಾನು ತಿಂಗಳಿಗೊಮ್ಮೆ ಪ್ರತಿ ಹಿರಿಯ ಹುಡುಗನಿಂದ ಒಂದು ಪುಟ ಗಟ್ಟಿಯಾಗಿ ಓದಿಸುತ್ತಿದ್ದೆ, ಹಾಡಿಸುತ್ತಿರಲಿಲ್ಲ. ಮಾತಿನ ದನಿ ಸುಳ್ಳು ಹೇಳುವುದಿಲ್ಲ. ಒಂಟಿಯಾಗಿ ಹಾಡುವ ಭಾಗ ಏನೇ ಇರಲಿ, ಇಬ್ಬರನ್ನು ತಯಾರು ಮಾಡುತ್ತಿದ್ದೆ. ಬದಲಾವಣೆ ಶುರುವಾದ ದಿನವೇ ಹುಡುಗನನ್ನು ಕೂರಿಸಿಕೊಂಡು ಹೇಳುತ್ತಿದ್ದೆ. ಮೊದಲು ಕೆಳಗಿನ ದನಿಗೆ ಇಳಿಸುವುದು, ಅದೂ ಕಷ್ಟ ಆದರೆ ಸ್ವಲ್ಪ ಕಾಲ ಹಾಡು ನಿಲ್ಲಿಸುವುದು. ಕಾಯಿರ್ ಬಿಡಿಸುವುದು ಮಾತ್ರ ಇಲ್ಲ.

ಆ ಹುಡುಗ ಈಸ್ಟರ್ ಆದ ಮೇಲೆ ಹತ್ತು ದಿನ ಅಭ್ಯಾಸಕ್ಕೆ ಬರಲಿಲ್ಲ. ಹನ್ನೊಂದನೇ ದಿನ ಬಂದು ಬಾಗಿಲ ಹತ್ತಿರ ನಿಂತ. ನಾನು ಏನೂ ಹೇಳದೆ ಹೊಸ ಹುಡುಗರ ಸಾಲು ತೋರಿಸಿದೆ. ಅವರು ಬಂದು ಮೂರು ವಾರ ಆಗಿತ್ತು, ನಕ್ಷತ್ರ ಬಂದಾಗಲೆಲ್ಲ ಎಡವುತ್ತಿದ್ದರು. ಅವನು ಹೋಗಿ ಅವರ ನಡುವೆ ನಿಂತ. ಕೀರ್ತನೆ ಶುರುವಾಯಿತು. ಅವನ ಬಾಯಿ ಮುಚ್ಚಿಯೇ ಇತ್ತು. "ದೋಮಿನೊ ಮೆಯೊ" ಮುಗಿದು ನಕ್ಷತ್ರ ಬಂದಾಗ ಅವನ ಭುಜ ಮೆಲ್ಲಗೆ ಏರಿತು. ಎರಡೂ ಪಕ್ಕದ ಚಿಕ್ಕವರು ತಲೆಯೆತ್ತಿ ಅವನನ್ನು ನೋಡಿದರು, ಅವನ ಜೊತೆಗೇ ಉಸಿರೆಳೆದುಕೊಂಡರು.